ಊರಿನೊಳಗಣ ಪಾತರಗಿತ್ತಿಗಳೂ ಅವುಗಳ ಎಲೆಗಳೂ

ಪಾತರಗಿತ್ತಿಗೆ ಹೂವು ಬೇಕೆಂಬುದನ್ನು ಅರಿಯದವರಿಲ್ಲ. ಒಂದನೆಯ ತರಗತಿಯ ಬಾಲಿಕೆಯ ಕೈಗೆ ಬಣ್ಣದ ಕಡ್ಡಿಯನ್ನು ಕೊಟ್ಟು ಪಾತರಗಿತ್ತಿಯ ಚಿತ್ರವನ್ನು ಬರೆಯೆಂದರೆ ಅವಳು ಅದನ್ನು ಹೂವಿನ ಮೇಲೆಯೇ ಕುಳ್ಳಿರಿಸುವಳು. ಊರಿನಲ್ಲಿ ಈಚೆಗೆ ಚಿಟ್ಟೆಗಳೇ ಕಾಣುವುದಿಲ್ಲವಲ್ಲ ಎಂದು ಮರುಗುವ ಹಿರಿಯರು ಸಹ ಕೂಡಲೆ ಹೂವಿನ ಕುಂಡಗಳನ್ನು ಕೊಂಡು ತಂದು ಜಗಲಿಯ ಅಂಚಿನಲ್ಲಿ ಸಾಲಾಗಿ ಇರಿಸುತ್ತಾರೆ. ಆ ಸದಿಚ್ಛೆಯನ್ನು ನಾನು ಹಳಿಯುವವಳಲ್ಲ. ಆದರೆ ಹೂವು ಚಿಟ್ಟೆಯ ಆಯುಷ್ಯದ ಕೊನೆಯ ಕೆಲವು ದಿನಗಳ ಆಹಾರವೇ ಹೊರತು ಅದರ ಬಾಲ್ಯದ ಆಹಾರವಲ್ಲ. ತೊಟ್ಟಿಲಿಲ್ಲದ ಮನೆಯಲ್ಲಿ ಹಬ್ಬದೂಟವನ್ನು ಬಡಿಸಿದಂತೆ ಆಗುತ್ತದೆ ಈ ಕುಂಡಗಳ ಕಥೆ. ಬಂದ ಅತಿಥಿ ಉಂಡು ಹೋಗುವುದು, ಸಂಸಾರ ಹೂಡುವುದಿಲ್ಲ.

ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರೂ ಈಗಿನ ಮಕ್ಕಳ ತಾಯ್ತಂದೆಗಳೂ ಓದುವ ಈ ಸಂಚಿಕೆಯಲ್ಲಿ ಚಿಟ್ಟೆಗಳ ವಿಷಯವನ್ನು ಎತ್ತಿಕೊಳ್ಳಲು ಒಂದು ಕಾರಣವುಂಟು. ಅದನ್ನು ಮುಂದೆ ಹೇಳುವೆನು. ಮೊದಲು ವಿಷಯವನ್ನು ತಿಳಿಯೋಣ.

ಚಿಟ್ಟೆಗೆ ನಾಲ್ಕು ಅವಸ್ಥೆಗಳು: ಮೊಟ್ಟೆ, ಮರಿಹುಳು, ಕೋಶ, ಕಡೆಗೆ ರೆಕ್ಕೆಯುಳ್ಳ ಚಿಟ್ಟೆ. ಇವುಗಳಲ್ಲಿ ಬೆಳೆಯುವ ಅವಸ್ಥೆ ಮರಿಹುಳು ಒಂದೇ. ರೆಕ್ಕೆ ಬಂದ ಮೇಲೆ ಚಿಟ್ಟೆಯ ಗಾತ್ರ ಕೂದಲೆಳೆಯಷ್ಟೂ ಹೆಚ್ಚುವುದಿಲ್ಲ. ಬೆಳೆಯಬೇಕಾದ ಮರಿಹುಳುವಿಗೆ ಬೇಕಾದುದು ಎಲೆ. ಅದೂ ಸಿಕ್ಕಿದ ಎಲೆಯಲ್ಲ. ಪ್ರತಿಯೊಂದು ಜಾತಿಯ ಚಿಟ್ಟೆಗೂ ತನ್ನದೇ ಆದ ಒಂದು ಗಿಡ, ಅಥವಾ ಒಂದು ಕುಲಕ್ಕೆ ಸೇರಿದ ಕೆಲವು ಗಿಡಗಳು ಇರುತ್ತವೆ. ನಿಂಬೆ ಕರಿಬೇವುಗಳನ್ನು ತಿನ್ನುವ ಮರಿಹುಳುವಿಗೆ ಎಕ್ಕದ ಎಲೆಯನ್ನು ಕೊಟ್ಟರೆ ಅದು ಹಸಿದು ಸಾಯುವುದೇ ಹೊರತು ಬಾಯಿ ಹಾಕುವುದಿಲ್ಲ.

ಹೀಗೇಕೆಂದು ಮಕ್ಕಳು ಕೇಳುತ್ತಾರೆ. ಗಿಡಗಳು ಓಡಲಾರವು, ತಿನ್ನಬಂದವರನ್ನು ಹೊಡೆಯಲಾರವು. ಆದುದರಿಂದ ಅವು ಎಲೆಗಳಲ್ಲಿ ಕಹಿಯನ್ನೂ ಘಾಟನ್ನೂ ವಿಷವನ್ನೂ ತುಂಬಿಟ್ಟುಕೊಂಡಿವೆ. ಲಕ್ಷಾಂತರ ವರ್ಷಗಳಲ್ಲಿ ಒಂದೊಂದು ಬಗೆಯ ಚಿಟ್ಟೆ ಒಂದೊಂದು ಬಗೆಯ ವಿಷವನ್ನು ಜೀರ್ಣಿಸಿಕೊಳ್ಳಲು ಕಲಿತಿತು. ಕಲಿತ ಮೇಲೆ ಆ ಗಿಡದ ಅಡಿಯಾಳಾಯಿತು. ಹೆಣ್ಣು ಚಿಟ್ಟೆಯು ಮೊಟ್ಟೆಯಿಡುವ ಮುನ್ನ ಎಲೆಯ ಮೇಲೆ ಮುಂಗಾಲುಗಳಿಂದ ತಟತಟನೆ ತಟ್ಟುವುದನ್ನು ತಾಳ್ಮೆಯುಳ್ಳವರು ನೋಡಬಹುದು. ಅದರ ಕಾಲುಗಳಲ್ಲಿ ರುಚಿಯನ್ನು ಅರಿಯುವ ಶಕ್ತಿಯುಂಟು. ರುಚಿ ಒಪ್ಪಿದರೆ ಮೊಟ್ಟೆ, ಇಲ್ಲವಾದರೆ ಮುಂದಿನ ಗಿಡ. ಊರಿನಲ್ಲಿ ಆ ಮುಂದಿನ ಗಿಡವೇ ಇಲ್ಲದಿದ್ದರೆ ಅದು ಮೊಟ್ಟೆಯನ್ನು ಹೊಟ್ಟೆಯಲ್ಲಿಟ್ಟುಕೊಂಡೇ ಅಲೆದು ಸಾಯುತ್ತದೆ.

ಆದಕಾರಣ ಒಂದು ಊರಿನಿಂದ ಚಿಟ್ಟೆಯನ್ನು ಓಡಿಸಬೇಕಾದರೆ ಅದನ್ನು ಹಿಡಿದು ಕೊಲ್ಲಬೇಕಾದುದಿಲ್ಲ. ಅದರ ಗಿಡ ಬೆಳೆಯುವ ನೆಲವನ್ನು ಮುಚ್ಚಿದರೆ ಸಾಕು.

ಅಮೆರಿಕಾ ದೇಶದ ಸ್ಯಾನ್ ಫ್ರಾನ್ಸಿಸ್ಕೋ ಪಟ್ಟಣದಲ್ಲಿ ಇದು ನಡೆದುಹೋಯಿತು. ಆ ಪಟ್ಟಣದ ಪಶ್ಚಿಮ ಭಾಗದಲ್ಲಿ ಸಮುದ್ರದ ಗಾಳಿ ತಂದು ಒಟ್ಟಿದ ಮರಳಿನ ದಿಬ್ಬಗಳಿದ್ದುವು. ನೋಡುವವರ ಕಣ್ಣಿಗೆ ಅದು ಬರಡು ನೆಲ. ಆ ಮರಳಿನಲ್ಲಿ ಬೆಳೆಯುತ್ತಿದ್ದ, ನಮ್ಮ ಹುರುಳಿ ಹೆಸರುಗಳ ಕುಲಕ್ಕೆ ಸೇರಿದ ಕೆಲವು ಕಾಡು ಗಿಡಗಳನ್ನು ಆಶ್ರಯಿಸಿ ಝರ್ಕ್ಸೀಸ್ ನೀಲಿ ಎಂಬ ಸಣ್ಣ ಚಿಟ್ಟೆಯೊಂದು ಬದುಕಿತ್ತು. 1852ರಲ್ಲಿ ಫ್ರೆಂಚ್ ವಿದ್ವಾಂಸನಾದ ಬೋಯ್ಸ್‌ಡುವಾಲ್ ಅದಕ್ಕೆ ಹೆಸರಿಟ್ಟನು. 1875ರಷ್ಟು ಹಿಂದೆಯೇ ಆ ಪಟ್ಟಣದ ಬೇರ್ ಎಂಬ ಪ್ರಕೃತಿಶಾಸ್ತ್ರಜ್ಞನು, ತಾನು ಮೊದಲು ಈ ಚಿಟ್ಟೆಯನ್ನು ಕಂಡ ಜಾಗದಲ್ಲಿ ಈಗ ಮನೆಗಳೆದ್ದು ಅದು ಇಲ್ಲವಾಗಿದೆಯೆಂದು ತನ್ನ ಮಿತ್ರನಿಗೆ ಕಾಗದ ಬರೆದಿದ್ದನು. ಆದರೂ ದಿಬ್ಬಗಳು ಬೇರೆ ಕಡೆ ಉಳಿದಿದ್ದುವು. ರಸ್ತೆಗಳು ಬಂದುವು, ಮನೆಗಳ ಸಾಲುಗಳು ಬಂದುವು, ಮರಳು ಮುಚ್ಚಿಹೋಯಿತು. 1940ರ ದಶಕದ ಆದಿಯಲ್ಲಿ ಕೆಲವರು ಅದನ್ನು ಕಡೆಯ ಬಾರಿಗೆ ಕಂಡರು. ಆ ಮೇಲೆ ಲೋಕದಲ್ಲಿ ಯಾರೂ ಕಾಣಲಿಲ್ಲ. ಪಟ್ಟಣದ ಬೆಳವಣಿಗೆಯಿಂದಲೇ ಸಂಪೂರ್ಣವಾಗಿ ಅಳಿದ ಮೊದಲ ಅಮೆರಿಕನ್ ಚಿಟ್ಟೆಯೆಂದು ಅದನ್ನು ಎಣಿಸುತ್ತಾರೆ. 1971ರಲ್ಲಿ ಅಲ್ಲಿ ಹುಟ್ಟಿದ, ಕೀಟಗಳ ರಕ್ಷಣೆಗಾಗಿಯೇ ದುಡಿಯುವ ಸಂಘವೊಂದು ಇದರ ನೆನಪಿಗಾಗಿ ಝರ್ಕ್ಸೀಸ್ ಎಂಬ ಹೆಸರನ್ನೇ ಇಟ್ಟುಕೊಂಡಿತು.

ಈಚೆಗೆ ಆ ಪಟ್ಟಣದವರು ಪ್ರೆಸಿಡಿಯೋ ಎಂಬ ಉದ್ಯಾನದಲ್ಲಿ ಹಳೆಯ ಮರಳು ದಿಬ್ಬಗಳನ್ನು ಮತ್ತೆ ಬಿಡಿಸಿ, ಅಲ್ಲಿಯ ಗಿಡಗಳನ್ನು ನೆಟ್ಟು, 2024ರಲ್ಲಿ ಝರ್ಕ್ಸೀಸಿನ ಹತ್ತಿರದ ಬಂಧುವಾದ ಇನ್ನೊಂದು ನೀಲಿ ಚಿಟ್ಟೆಯನ್ನು ದೂರದ ಪ್ರಾಂತದಿಂದ ತಂದು ಬಿಟ್ಟರು. ಸತ್ತವಳ ಮನೆಗೆ ಅವಳ ತಂಗಿಯನ್ನು ಕರೆತಂದಂತೆ. ಮಾಡಿದುದು ಒಳ್ಳೆಯದೇ, ಆದರೆ ಹೋದುದು ಬರಲಿಲ್ಲ.

ಅದೇ ಸೀಮೆಯ ಲಾಸ್ ಏಂಜಲಿಸ್ ಪಟ್ಟಣದ ಬಳಿಯ ಇನ್ನೊಂದು ಸಂಗತಿಯನ್ನು ಶಾಲೆ ನಡೆಯಿಸುವವಳಾದ ನಾನು ಮರೆಯಲಾರೆನು. ಪಾಲೋಸ್ ವರ್ಡೀಸ್ ಎಂಬ ಗುಡ್ಡಗಳಲ್ಲಿ ಮಾತ್ರ ಇದ್ದ ಒಂದು ನೀಲಿ ಚಿಟ್ಟೆಯನ್ನು 1980ರಲ್ಲಿ ಸರಕಾರವು ಅಳಿವಿಗೆ ಈಡಾದ ಜೀವಿಗಳ ಪಟ್ಟಿಯಲ್ಲಿ ಸೇರಿಸಿ ರಕ್ಷಣೆ ಕೊಟ್ಟಿತು. ಹೀಗಿದ್ದರೂ ಅದು ಉಳಿದಿದ್ದ ಜಾಗಗಳಲ್ಲೊಂದನ್ನು ಚೆಂಡಾಟದ ಮೈದಾನಕ್ಕಾಗಿ ಸಮತಟ್ಟು ಮಾಡಿದರು. 1983ರ ಬಳಿಕ ಚಿಟ್ಟೆ ಕಾಣಲಿಲ್ಲ. ಅಳಿಯಿತೆಂದೇ ಎಲ್ಲರೂ ನಂಬಿದರು. ಆದರೆ 1994ರಲ್ಲಿ, ಯಾರೂ ಎಣಿಸದ ಸ್ಥಳದಲ್ಲಿ, ಸೇನೆಯವರು ಎಣ್ಣೆಯನ್ನು ಶೇಖರಿಸುವ ಒಂದು ಉಗ್ರಾಣದ ಆವರಣದಲ್ಲಿ ಅದು ಮತ್ತೆ ದೊರಕಿತು. ಬೇಲಿ ಹಾಕಿದ ಆ ಆವರಣದೊಳಗೆ ಮನೆ ಕಟ್ಟುವವರು ಹೊಕ್ಕಿರಲಿಲ್ಲ, ತೋಟ ಮಾಡುವವರು ಹೊಕ್ಕಿರಲಿಲ್ಲ. ಕಾಡುಗಿಡಗಳು ತಮ್ಮ ಪಾಡಿಗೆ ತಾವು ಬೆಳೆದಿದ್ದುವು. ಮಕ್ಕಳ ಹಿತಕ್ಕೆಂದು ಮಾಡಿದ ಮೈದಾನ ಚಿಟ್ಟೆಯನ್ನು ಕಳೆಯಿತು, ಎಣ್ಣೆಯ ಉಗ್ರಾಣ ಉಳಿಸಿತು!

ಇನ್ನು ನಮಗೆ ಅತಿ ಸಮೀಪವಾದ ದೃಷ್ಟಾಂತಕ್ಕೆ ಬರುವೆನು. ಅದು ಆಸ್ಟ್ರೇಲಿಯಾ ಖಂಡದ ಬ್ರಿಸ್ಬೇನ್ ನಗರದ್ದು. ದೂರದ ಊರಾದರೂ ಸಮೀಪವೆಂದೆನು, ಏಕೆಂದರೆ ಅಲ್ಲಿಯ ಚಿಟ್ಟೆಯು ನಮ್ಮ ನಾಡಿನ ಚಿಟ್ಟೆಯೊಂದಕ್ಕೆ ಬಂಧು. ಅದು ತಿನ್ನುವ ಬಳ್ಳಿಯೂ ನಮ್ಮ ಹಿತ್ತಿಲಿನ ಬಳ್ಳಿಯೊಂದಕ್ಕೆ ಬಂಧು. ಅದನ್ನು ಉಳಿಸಲು ಕೈಹಾಕಿದವರಲ್ಲಿ ಶಾಲೆಯ ಮಕ್ಕಳು ಮುಂದಾಳುಗಳು.

ಆ ಚಿಟ್ಟೆಯನ್ನು ರಿಚ್‌ಮಂಡ್ ಬರ್ಡ್‌ವಿಂಗ್ ಎಂದು ಕರೆಯುತ್ತಾರೆ. ಬರ್ಡ್‌ವಿಂಗ್ ಎಂದರೆ ಹಕ್ಕಿರೆಕ್ಕೆ. ಗಂಡಿನ ರೆಕ್ಕೆಗಳಲ್ಲಿ ಕಪ್ಪಿನ ಮೇಲೆ ಮಿರುಗುವ ಹಸುರು. ಹೆಣ್ಣು ಗಂಡಿಗಿಂತ ದೊಡ್ಡದು, ಕಂದುಗಪ್ಪಿನ ಮೈಗೆ ಬಿಳಿಯ ಮಚ್ಚೆಗಳು. 1870ರ ಸುಮಾರಿಗೆ ಬ್ರಿಸ್ಬೇನಿನ ಬೀದಿಗಳಲ್ಲೇ ಅವು ಗುಂಪುಗಳಾಗಿ ಹಾರಾಡುತ್ತಿದ್ದುವೆಂದು ಹಳಬರು ಬರೆದಿಟ್ಟಿದ್ದಾರೆ. ಇದರ ಮರಿಹುಳು ತಗ್ಗು ಪ್ರದೇಶದ ಮಳೆಕಾಡಿನಲ್ಲಿ ಬೆಳೆಯುವ ಒಂದು ಬಳ್ಳಿಯ ಎಲೆಯನ್ನೂ, ಎತ್ತರದ ಬೆಟ್ಟಗಳಲ್ಲಿ ಅದರ ಜೊತೆಯ ಇನ್ನೊಂದು ಬಳ್ಳಿಯ ಎಲೆಯನ್ನೂ ಬಿಟ್ಟು ಆ ಕಾಡಿನ ಬೇರೊಂದರಲ್ಲಿ ಬೆಳೆಯದು. ಕಾಡನ್ನು ಕಡಿದು ಹೊಲಗದ್ದೆಗಳನ್ನೂ ಮನೆಗಳನ್ನೂ ಮಾಡಿದರು, ಬಳ್ಳಿ ಹೋಯಿತು. ಹಿಂದೆ ಮೇರಿಬರೋ ಊರಿನಿಂದ ಗ್ರಾಫ್ಟನ್ ಊರಿನವರೆಗೆ ಹರಡಿದ್ದ ಚಿಟ್ಟೆಯು 1990ರ ಸುಮಾರಿಗೆ ತನ್ನ ಸೀಮೆಯ ಬಹುಭಾಗವನ್ನು ಕಳೆದುಕೊಂಡು ತುಂಡುತುಂಡಾದ ಕೆಲವು ಎಡೆಗಳಲ್ಲಿ ಮಾತ್ರ ಉಳಿಯಿತು.

ಇದಕ್ಕಿಂತ ಕೆಟ್ಟ ಇನ್ನೊಂದು ಸಂಗತಿಯೂ ಇತ್ತು. ಜನರು ತಮ್ಮ ತೋಟಗಳ ಚಪ್ಪರಕ್ಕೆ ದಕ್ಷಿಣ ಅಮೆರಿಕಾದ ಒಂದು ಚೆಲುವಾದ ಹೂಬಳ್ಳಿಯನ್ನು ತರಿಸಿ ಹಬ್ಬಿಸಿದ್ದರು. ಡಚ್ಚರ ಚುಟ್ಟಾಕೊಳವೆಯಂತೆ ಬಾಗಿದ, ಕೆನ್ನೀಲಿ ಚುಕ್ಕೆಗಳ ಹೂವು ಅದರದು. ಡಚ್‌ಮನ್ಸ್ ಪೈಪ್ ಎಂದು ಕರೆಯುತ್ತಾರೆ. ಅದೂ ಕಾಡಿನ ಬಳ್ಳಿಯ ಕುಲದ್ದೇ. ಹೆಣ್ಣು ಚಿಟ್ಟೆ ಬಂದು ಕಾಲಿನಿಂದ ತಟ್ಟಿ ನೋಡಿದರೆ ರುಚಿ ತನ್ನ ತವರಿನದೇ ಎಂದು ತೋರುತ್ತದೆ; ನಂಬಿ ಮೊಟ್ಟೆಯಿಡುತ್ತದೆ. ಮೊಟ್ಟೆಯೊಡೆದು ಬಂದ ಮರಿ ಒಂದೆರಡು ಸಲ ಕಚ್ಚಿ, ಅದರ ವಿಷವನ್ನು ತಾಳಲಾರದೆ ಸಾಯುತ್ತದೆ. ಹೀಗೆ ತೋಟಗಳನ್ನು ಅಂದಗೊಳಿಸಿದ ಸಜ್ಜನರೇ ಅರಿಯದೆ ಚಿಟ್ಟೆಗಳಿಗೆ ಬೋನನ್ನು ಒಡ್ಡಿದ್ದರು. ಹಸುರೆಲ್ಲ ಒಂದೇ ಎಂದು ಭಾವಿಸುವವರಿಗೆ ಇದನ್ನು ನಾನು ಮತ್ತೆ ಮತ್ತೆ ಹೇಳುವುದುಂಟು.

ಆಸ್ಟ್ರೇಲಿಯಾ ಸರಕಾರದ ವಿಜ್ಞಾನ ಸಂಸ್ಥೆಯಲ್ಲಿದ್ದ ಡಾನ್ ಸ್ಯಾಂಡ್ಸ್ ಎಂಬ ಕೀಟಶಾಸ್ತ್ರಜ್ಞರು 1990ರ ದಶಕದಲ್ಲಿ ಈ ಕೆಲಸಕ್ಕೆ ಶಾಲೆಗಳನ್ನು ಕರೆದರು. ಆ ಸಂಸ್ಥೆಯ ಮಕ್ಕಳ ವಿಜ್ಞಾನ ಸಂಘದ ಮೂಲಕ ಅನೇಕ ಶಾಲೆಗಳಿಗೆ ಕಾಡುಬಳ್ಳಿಯ ಸಸಿಗಳು ಹೋದುವು. ಮಕ್ಕಳು ಅವನ್ನು ಶಾಲೆಯ ಆವರಣದಲ್ಲಿ ನೆಟ್ಟರು, ಮನೆಗೆ ಒಯ್ದು ನೆಟ್ಟರು. ಡಚ್‌ಮನ್ಸ್ ಪೈಪನ್ನು ಗುರುತಿಸಿ ಕಿತ್ತು ಹಾಕುವಂತೆ ತಾಯ್ತಂದೆಗಳನ್ನು ಪೀಡಿಸಿದರು. ಕಾಡಿನ ತುಣುಕುಗಳ ನಡುವೆ ತೋಟದಿಂದ ತೋಟಕ್ಕೆ ಬಳ್ಳಿಗಳ ಸರಪಳಿಯೊಂದು ಬೆಳೆಯಬೇಕು, ಚಿಟ್ಟೆ ಅದನ್ನು ಹಿಡಿದು ನಡೆಯಬೇಕು ಎಂಬುದು ಅವರ ಹವಣಿಕೆ. ಸಾವಿರಾರು ಬಳ್ಳಿಗಳನ್ನು ನೆಟ್ಟರು. ಈ ಬಳ್ಳಿ ಅವಸರದವರಿಗಲ್ಲ: ನಿಧಾನವಾಗಿ ಬೆಳೆಯುತ್ತದೆ, ಮರವನ್ನು ಹತ್ತಿ ಸೊಂಪಾಗಲು ವರ್ಷಗಳೇ ಬೇಕು. ಆರನೆಯ ತರಗತಿಯಲ್ಲಿ ನೆಟ್ಟವಳು ಕಾಲೇಜಿಗೆ ಹೋದ ಮೇಲೆ ಮೊದಲ ಮೊಟ್ಟೆಯ ಸುದ್ದಿ ಬಂದರೂ ಬರಬಹುದು.

ಅಷ್ಟರಿಂದಲೇ ಕಷ್ಟ ತೀರಲಿಲ್ಲ. ಬರಗಾಲದ ವರ್ಷಗಳಲ್ಲಿ ಎಲೆಗಳು ಗಡುಸಾಗಿ ಎಳೆಯ ಮರಿಗಳ ಬಾಯಿಗೆ ಎಟುಕದಾದುವು. ಚಿಕ್ಕ ಗುಂಪುಗಳು ಬೇರೆ ಗುಂಪುಗಳ ಸಂಪರ್ಕವಿಲ್ಲದೆ ತಮ್ಮೊಳಗೇ ಕೂಡಿ ಕೂಡಿ ಸಂತಾನ ದುರ್ಬಲವಾಯಿತು. ರಕ್ತಸಂಬಂಧದೊಳಗಣ ವಿವಾಹದ ಕೆಡುಕು ಮನುಷ್ಯರಿಗೆ ಮಾತ್ರ ಎಂದು ತಿಳಿಯಬಾರದು. ಕೊನೆಗೆ ಬೇರೆ ಬೇರೆ ಎಡೆಗಳ ಚಿಟ್ಟೆಗಳನ್ನು ತಂದು ಸಾಕಿ, ಕೂಡಿಸಿ, ಬಲವಾದ ಸಂತಾನವನ್ನು ಮರಳಿ ಬಿಡಬೇಕಾಯಿತು. 2005ರಿಂದ ಊರಿನ ಜನರೇ ಕೂಡಿಕೊಂಡ ಒಂದು ಜಾಲವು ಈ ಕೆಲಸವನ್ನು ಮುಂದುವರಿಸಿಕೊಂಡು ಬಂದಿತು. ಇಂದು ಆ ಚಿಟ್ಟೆ ಬ್ರಿಸ್ಬೇನಿನ ಬೀದಿಗಳನ್ನು 1870ರಂತೆ ತುಂಬಿಲ್ಲ. ಆದರೆ ಅದು ಬದುಕಿದೆ. ಸುತ್ತಲಿನ ಕೆಲವು ಬೆಟ್ಟದೂರುಗಳ ತೋಟಗಳಿಗೆ ಬಂದು ಮೊಟ್ಟೆಯಿಡುತ್ತಿದೆ.

ಈಗ ಘಟ್ಟದ ಕೆಳಗಿನ ನಮ್ಮ ಊರಿಗೆ ಬರೋಣ.

ನಮ್ಮ ಹಿತ್ತಿಲಿನ ದರೆಗಳಲ್ಲೂ ಹಳೆಯ ಬೇಲಿಗಳಲ್ಲೂ ಈಶ್ವರಬಳ್ಳಿ ಎಂಬುದನ್ನು ಅಜ್ಜಿಯಂದಿರು ಬಲ್ಲರು, ಈಶ್ವರಬೇರೆಂದೂ ಹೇಳುವುದುಂಟು. ತೆಳುವಾದ ಕಾಂಡ, ಸಣ್ಣ ಕೊಳವೆಯಂಥ ಹೂವು, ಬಲಿತು ಬಿರಿದಾಗ ತೂಗುಬುಟ್ಟಿಯಂತೆ ಜೋತಾಡುವ ಕಾಯಿ. ಇದೇ ಬ್ರಿಸ್ಬೇನಿನ ಬಳ್ಳಿಗೆ ಬಂಧುವೆಂದು ನಾನು ಹೇಳಿದುದು. ಇದರ ಎಲೆಯನ್ನು ತಿಂದು ಬೆಳೆಯುವ ಮೂರು ಚಿಟ್ಟೆಗಳು ನಮ್ಮಲ್ಲಿವೆ. ಎರಡು ಕಪ್ಪು ಮೈಗೆ ಕೆಂಪು ಚುಕ್ಕೆಗಳನ್ನು ತೊಟ್ಟವು. ಪುಸ್ತಕಗಳಲ್ಲಿ ಕಾಮನ್ ರೋಸ್ ಮತ್ತು ಕ್ರಿಮ್ಸನ್ ರೋಸ್ ಎಂದು ಹೆಸರು. ಮೂರನೆಯದೇ ಸದರ್ನ್ ಬರ್ಡ್‌ವಿಂಗ್. ಕಪ್ಪು ಮುಂರೆಕ್ಕೆ, ಹೊಂಬಣ್ಣದ ಹಿಂರೆಕ್ಕೆ, ದೇಹದ ಪಕ್ಕದಲ್ಲಿ ಕೆಂಪು. ಕೆಂಪು ಹಳದಿಗಳು ನಮ್ಮ ನಾಡಧ್ವಜದ ಬಣ್ಣಗಳಾದುದರಿಂದ ಕರ್ನಾಟಕದ ರಾಜ್ಯ ಚಿಟ್ಟೆಯ ಪದವಿ ಅದಕ್ಕೆ ಬಂದಿತು. ರೆಕ್ಕೆ ಹರಡಿದರೆ 14ರಿಂದ 19 ಸೆಂಟಿಮೀಟರ್ ಅಗಲ. ಭಾರತದ ಅತಿ ದೊಡ್ಡ ಚಿಟ್ಟೆಯೆಂಬ ಹೆಸರು 1932ರಲ್ಲಿ ಅಳೆದ ಒಂದು ಹಕ್ಕಿರೆಕ್ಕೆಯಿಂದ ಬಂದುದು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗಿನ ಹೆಣ್ಣೊಂದು 4 ಮಿಲಿಮೀಟರಿನಷ್ಟು ಹೆಚ್ಚಾಗಿ ತೂಗಿ ಆ ಪಟ್ಟವನ್ನು ಒಯ್ದಿತು. ನಮ್ಮ ಮಕ್ಕಳು ಇದನ್ನು ಇನ್ನೂ ಕ್ಷಮಿಸಿಲ್ಲ.

ಸದರ್ನ್ ಬರ್ಡ್‌ವಿಂಗ್ ಈಗ ಅಳಿಯುತ್ತಿರುವ ಜೀವಿಯೇನೂ ಅಲ್ಲ. ಘಟ್ಟದ ಕಾಡುಗಳಲ್ಲಿ ಸಾಕಷ್ಟಿದೆ. ಇಲ್ಲದ ಭಯವನ್ನು ಹುಟ್ಟಿಸುವುದು ಉಪಾಧ್ಯಾಯಿನಿಯ ಕೆಲಸವಲ್ಲ. ಆದರೆ ದಕ್ಷಿಣ ಭಾರತದ ಹೊರಗೆ ಲೋಕದಲ್ಲಿ ಬೇರೆಲ್ಲಿಯೂ ಅದು ಇಲ್ಲ. ಊರು ಬೆಳೆದು, ದರೆ ಅಗೆದು, ಪಾಗಾರ ಕಟ್ಟಿ, ಬಳ್ಳಿ ಹೋದರೆ ಅದು ಊರಿನಿಂದ ಹೋಗುತ್ತದೆ. ಬ್ರಿಸ್ಬೇನಿನಲ್ಲಿ ಹೋದುದೂ ಹೀಗೆಯೇ. ಇದಲ್ಲದೆ ಈಶ್ವರಬೇರು ಹಾವಿನ ವಿಷಕ್ಕೆ ಮದ್ದೆಂಬ ನಂಬಿಕೆಯಿಂದಲೂ ಬೇರೆ ಔಷಧಗಳಿಗಾಗಿಯೂ ಅದನ್ನು ಕೀಳುವವರುಂಟು. ತಾಯಂದಿರು ಇಲ್ಲಿ ಎರಡು ಮಾತನ್ನು ಕಿವಿಗೆ ಹಾಕಿಕೊಳ್ಳಬೇಕು. ಹಾವು ಕಚ್ಚಿದರೆ ಮಾಡತಕ್ಕದ್ದು ಒಂದೇ: ತಡಮಾಡದೆ ಆಸ್ಪತ್ರೆಗೆ ಒಯ್ದು ಪ್ರತಿವಿಷದ ಚುಚ್ಚುಮದ್ದನ್ನು ಕೊಡಿಸುವುದು. ಮತ್ತು ಈ ಬಳ್ಳಿಯ ಕುಲದಲ್ಲಿರುವ ಆಮ್ಲವು ಮೂತ್ರಪಿಂಡಗಳನ್ನು ಕೆಡಿಸುವುದೆಂದೂ ಕ್ಯಾನ್ಸರನ್ನು ತರುವುದೆಂದೂ ವೈದ್ಯಶಾಸ್ತ್ರವು ಸಿದ್ಧಪಡಿಸಿದೆ. ಕಷಾಯ ಮಾಡಿ ಮಕ್ಕಳಿಗೆ ಕುಡಿಸಕೂಡದು.

ಮನುಷ್ಯರಿಗೆ ವಿಷವಾದ ಆ ಆಮ್ಲವೇ ಮರಿಹುಳುವಿಗೆ ಕವಚ. ಅದನ್ನು ಮೈಯಲ್ಲಿ ತುಂಬಿಕೊಂಡ ಚಿಟ್ಟೆಯನ್ನು ಒಮ್ಮೆ ರುಚಿ ನೋಡಿದ ಹಕ್ಕಿ ಮರಳಿ ಮುಟ್ಟುವುದಿಲ್ಲ. ಇದನ್ನು ಕಂಡು ಕಲಿತಂತೆ, ವಿಷವೇ ಇಲ್ಲದ ಇನ್ನೊಂದು ಚಿಟ್ಟೆಯ ಹೆಣ್ಣು ಕೆಂಪು ಚುಕ್ಕೆಗಳ ಅದೇ ಸೀರೆಯನ್ನು ಉಟ್ಟುಕೊಂಡು ಹಕ್ಕಿಗಳನ್ನು ವಂಚಿಸುತ್ತದೆ. ಕಾಮನ್ ಮಾರ್ಮನ್ ಎಂಬ ಈ ಚಿಟ್ಟೆ ನಿಮ್ಮೆಲ್ಲರ ಮನೆಯಲ್ಲಿಯೂ ಹುಟ್ಟುತ್ತಿದೆ. ಹಿತ್ತಿಲಿನ ಕರಿಬೇವಿನಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ, ಕಪ್ಪುಬಿಳಿ ಮಿಶ್ರದ ಹುಳುವನ್ನು ನೀವು ಕಂಡಿರಬೇಕು. ಕೆಲವು ದಿನಗಳಲ್ಲಿ ಅದು ಪೊರೆ ಕಳಚಿ ಹಚ್ಚ ಹಸುರಾಗುತ್ತದೆ. ಮುಟ್ಟಿದರೆ ತಲೆಯ ಹಿಂದಿನಿಂದ ಎರಡು ಕವಲಿನ ಕೆಂಪು ಕೊಂಬೊಂದನ್ನು ಚಾಚಿ ಘಾಟು ವಾಸನೆಯನ್ನು ಬಿಡುತ್ತದೆ. ಬಹುಮಂದಿ ಗೃಹಿಣಿಯರು ಇದನ್ನು ಚಿಮಟಿಗೆಯಿಂದ ತೆಗೆದು ಒರೆಸಿ ಹಾಕುವರು, ಇಲ್ಲವೇ ಕೀಟನಾಶಕವನ್ನು ಸಿಂಪಡಿಸುವರು. ಬೆಳೆದ ಗಿಡಕ್ಕೆ ಐದಾರು ಹುಳುಗಳಿಂದ ಕೇಡಿಲ್ಲ. ಗಿಡ ಮತ್ತೆ ಚಿಗುರುತ್ತದೆ. ಸಾರಿಗೆ ಹಾಕುವ ಎಲೆಗೆ ವಿಷವನ್ನು ಸಿಂಪಡಿಸುವುದಾದರೂ ಯಾವ ಜಾಣತನ? ಇವು ಕಚ್ಚುವುದಿಲ್ಲ, ತುರಿಸುವುದಿಲ್ಲ. ಮೈತುರಿಕೆ ತರುವ ರೋಮದ ಕಂಬಳಿಹುಳಗಳು ಹೆಚ್ಚಾಗಿ ರಾತ್ರಿ ಹಾರುವ ಪತಂಗಗಳ ಮರಿಗಳು.

ಹೀಗೆ ಎಣಿಸುತ್ತ ಹೋದರೆ ನಾವು ಹಾಳೆನ್ನುವ ಗಿಡಗಳೆಲ್ಲ ಯಾವುದಾದರೊಂದು ಚಿಟ್ಟೆಯ ತೊಟ್ಟಿಲುಗಳೇ. ರಸ್ತೆಯ ಬದಿಯ ಎಕ್ಕ ಕಿತ್ತಳೆ ಬಣ್ಣದ ಪ್ಲೇನ್ ಟೈಗರಿಗೆ. ಅಂಗಳದ ಕಲ್ಲುಗಳ ಸಂದಿಯಲ್ಲಿ ಮೂರು ಎಲೆಗಳನ್ನು ಬಿಚ್ಚುವ, ಮಕ್ಕಳು ಕಿತ್ತು ನೆಕ್ಕುವ ಹುಳಿಸೊಪ್ಪು, ಬೆರಳಿನ ಉಗುರಿನಷ್ಟೇ ದೊಡ್ಡದಾದ ತಿಳಿನೀಲಿ ಚಿಟ್ಟೆಗೆ. ಕಕ್ಕೆಯ ಮರ ಹಳದಿ ಚಿಟ್ಟೆಗಳಿಗೆ. ಬಾವಿಯ ಬಳಿಯ ಮಾವಿನ ಮರದ ಎಲೆಯನ್ನು ಸೂಕ್ಷ್ಮವಾಗಿ ನೋಡಿರಿ: ನಡುನರದ ಮೇಲೆ ನೇರವಾಗಿ ಮಲಗಿ, ಬೆನ್ನ ಮೇಲೆ ಎಳೆದ ತೆಳುಗೆರೆಯನ್ನು ಎಲೆಯ ನರಕ್ಕೆ ಹೊಂದಿಸಿಕೊಂಡು, ಪಕ್ಕದ ಮುಳ್ಳುಗಳನ್ನು ಗರಿಯಂತೆ ಹರಡಿಕೊಂಡು ಕಾಮನ್ ಬ್ಯಾರನ್ ಎಂಬ ಚಿಟ್ಟೆಯ ಮರಿ ಇರುತ್ತದೆ. ಅದು ಅಲ್ಲಿದೆಯೆಂದು ತೋರಿಸಿದ ಮೇಲೂ ಕಾಣದವರನ್ನು ನಾನು ಬಲ್ಲೆನು.

ಇಷ್ಟನ್ನೂ ಹೇಳಲು ಕಾರಣವೇನೆಂಬುದನ್ನು ಈಗ ತಿಳಿಸಬಹುದು. ನಮ್ಮ ಶಾಲೆಯ ಹಿಂಬದಿಯಲ್ಲಿ, ಹಳೆಯ ಬಾವಿಗೂ ಮುರಕಲ್ಲಿನ ಪಾಗಾರಕ್ಕೂ ನಡುವೆ, ಸುಮಾರು ಹತ್ತು ಸೆಂಟ್ಸು ನೆಲವು ಬಹುಕಾಲದಿಂದ ಬಲ್ಲೆ ಬೆಳೆದುಕೊಂಡಿದೆ. ಮುಂಬರುವ ಬೇಸಗೆಯ ರಜೆಯಲ್ಲಿ ಅಂಗಳದೊಂದಿಗೆ ಅದನ್ನೂ ಸಮತಟ್ಟು ಮಾಡಿ ಇಂಟರ್‌ಲಾಕ್ ಹಾಸಬೇಕೆಂಬ ಸೂಚನೆ ಬಂದಿದೆ. ಸೂಚಿಸಿದವರು ಮಕ್ಕಳ ಮೇಲಣ ಪ್ರೀತಿಯಿಂದಲೇ ಸೂಚಿಸಿರುವರು. ಮಳೆಗಾಲದಲ್ಲಿ ಕೆಸರು, ಹಾವಿನ ಭಯ, ಸೊಳ್ಳೆ, ನೋಟಕ್ಕೆ ಅಸಡ್ಡೆ ಎಂಬ ನಾಲ್ಕು ಆಕ್ಷೇಪಗಳನ್ನು ನಾನು ಕೇಳಿದ್ದೇನೆ. ಒಬ್ಬ ತಾಯಿಯಂತೂ, "ಟೀಚರೇ, ಪೇಟೆಯ ಶಾಲೆಗಳೆಲ್ಲ ಎಷ್ಟು ಚೊಕ್ಕವಾಗಿವೆ, ನಮ್ಮದು ಮಾತ್ರ ಕಾಡಿನಂತೆ ಕಾಣುತ್ತದಲ್ಲ" ಎಂದು ನೊಂದುಕೊಂಡು ಹೇಳಿದರು.

ಕೆಸರಿನ ಆಕ್ಷೇಪ ನ್ಯಾಯವಾದುದು. ಮಕ್ಕಳು ನಡೆಯುವ ದಾರಿಗೆ, ಸಾಲು ನಿಲ್ಲುವ ಅಂಗಳಕ್ಕೆ ಹಾಸು ಬೇಕು. ಅದನ್ನು ನಾನೂ ಕೇಳುತ್ತೇನೆ. ಆದರೆ ಬಾವಿಯ ಹಿಂದೆ ಯಾರೂ ಸಾಲು ನಿಲ್ಲುವುದಿಲ್ಲ. ಸೊಳ್ಳೆಗಳು ಮೊಟ್ಟೆಯಿಡುವುದು ನಿಂತ ನೀರಿನಲ್ಲಿ. ಒಡೆದ ಕುಂಡ, ಟೈರು, ಮುಚ್ಚಳವಿಲ್ಲದ ತೊಟ್ಟಿಗಳನ್ನು ತೆಗೆದರೆ ಅವುಗಳ ಬೇರನ್ನೇ ಕಡಿದಂತೆ. ಹಾವಿನ ಭಯವನ್ನು ಮಾತ್ರ ಹಗುರವಾಗಿ ಕಾಣಲಾಗದು. ಹಾವು ಇಲಿಯನ್ನು ಹುಡುಕಿ ಬರುತ್ತದೆ, ಇಲಿ ಮಕ್ಕಳು ಚೆಲ್ಲಿದ ಅನ್ನವನ್ನು ಹುಡುಕಿ ಬರುತ್ತದೆ. ಆದುದರಿಂದ ಊಟದ ಎಡೆಯನ್ನು ಶುಚಿಯಾಗಿಡುವುದು ಮೊದಲ ಕೆಲಸ. ಕಲ್ಲು ಹಂಚುಗಳ ರಾಶಿಯನ್ನು ಅಲ್ಲಿಂದ ತೆಗೆಸಬೇಕು. ಮಕ್ಕಳ ದಾರಿಗೂ ಬಲ್ಲೆಗೂ ನಡುವೆ ಎರಡು ಮಾರು ಅಗಲಕ್ಕೆ ಹುಲ್ಲನ್ನು ಗಿಡ್ಡವಾಗಿ ಕತ್ತರಿಸಿ ಸೊಂಟದೆತ್ತರದ ಬೇಲಿಯನ್ನು ಹಾಕಬೇಕು. ಒಳಗೆ ಹೋಗುವುದಾದರೆ ಉಪಾಧ್ಯಾಯಿನಿಯ ಸಂಗಡ, ಕಾಲಿಗೆ ಬೂಟು ಧರಿಸಿ, ಹಗಲು ಹೊತ್ತಿನಲ್ಲಿ. ಇಷ್ಟು ಏರ್ಪಾಡುಗಳಾಗದೆ ನಾನು ಯಾವ ಮಗುವನ್ನೂ ಅಲ್ಲಿಗೆ ಕಳುಹಿಸೆನು. ಚಿಟ್ಟೆಗಿಂತ ಮಗು ದೊಡ್ಡದು. ಏರ್ಪಾಡುಗಳ ಖರ್ಚು ಹಾಸಿನ ಖರ್ಚಿಗಿಂತ ಕಡಿಮೆಯೆಂಬುದನ್ನು ಲೆಕ್ಕ ಹಾಕಿ ಆಡಳಿತ ಸಮಿತಿಯ ಮುಂದೆ ಇಟ್ಟಿದ್ದೇನೆ.

ಅಸಡ್ಡೆಯ ವಿಷಯವೇ ಕಷ್ಟದ್ದು. ಬಲ್ಲೆಯೆಲ್ಲವನ್ನೂ ಇದ್ದ ಹಾಗೆಯೇ ಬಿಡಬೇಕೆಂಬುದು ನನ್ನ ಅಭಿಪ್ರಾಯವಲ್ಲ. ಲಂಟಾನ ಮುಂತಾದ ಪರದೇಶದ ಗಿಡಗಳು ಉಳಿದ ಸಸಿಗಳನ್ನು ತುಳಿದು ಬೆಳೆಯುತ್ತವೆ. ಅವುಗಳ ಹೂವಿಗೆ ಚಿಟ್ಟೆಗಳು ಮುತ್ತುವುದನ್ನು ಕಂಡು ಮೋಸಹೋಗಬಾರದು, ಅಂಥವನ್ನು ತೆಗೆಸಬೇಕು. ನೆಲವನ್ನು ಸುಮ್ಮನೆ ಬಿಡುವುದೂ ಒಂದು ಕೆಲಸವೇ. ಅದಕ್ಕೂ ಕಣ್ಣು ಬೇಕು, ಕತ್ತಿ ಬೇಕು. ಹತ್ತು ಸೆಂಟ್ಸಿನಿಂದ ಏನಾದೀತು ಎನ್ನುವವರೂ ಇದ್ದಾರೆ. ಒಂದೇ ಇದ್ದರೆ ಹೆಚ್ಚೇನೂ ಆಗದು. ಬ್ರಿಸ್ಬೇನಿನವರು ಕಲಿತುದೂ ಅದನ್ನೇ. ನಮ್ಮ ಶಾಲೆಯಿಂದ ಗುಡ್ಡದ ಕಾಡಿನವರೆಗೆ ನಡುವಣ ಹಿತ್ತಿಲುಗಳಲ್ಲಿ ಅಲ್ಲಲ್ಲಿ ಒಂದೊಂದು ಬಳ್ಳಿಯಿದ್ದರೆ ಮಾತ್ರ ಚಿಟ್ಟೆ ದಾರಿಯನ್ನು ಕಂಡುಕೊಳ್ಳುತ್ತದೆ. ಆ ಹಿತ್ತಿಲುಗಳು ನಿಮ್ಮವು. ಈ ಊರಿನಲ್ಲಿಯೇ ಮದುವೆಯಾಗಿ ನೆಲಸಿದ ಹಳೆಯ ವಿದ್ಯಾರ್ಥಿನಿಯರು ಎಷ್ಟು ಮಂದಿಯೆಂಬುದು ವಾರ್ಷಿಕೋತ್ಸವದ ದಿನ ನಿಮ್ಮ ಗದ್ದಲದಿಂದಲೇ ನನಗೆ ತಿಳಿಯುತ್ತದೆ.

ಒಂಬತ್ತನೆಯ ತರಗತಿಯ ಬಾಲಿಕೆಯರು ಕಳೆದ ಜುಲಾಯಿಯಿಂದ ಆ ನೆಲದಲ್ಲಿ ಕಂಡ ಚಿಟ್ಟೆಗಳನ್ನು ತಿಂಗಳು ತಿಂಗಳಿಗೂ ಒಂದು ಪುಸ್ತಕದಲ್ಲಿ ಬರೆದಿಡುತ್ತಿರುವರು. ಕರಿಬೇವಿನ ಚಿಟ್ಟೆ ಅದರಲ್ಲಿದೆ, ಬ್ಯಾರನ್ ಇದೆ, ಕಾಮನ್ ರೋಸ್ ಎರಡು ಸಲ ಬಂದಿದೆ. ಸದರ್ನ್ ಬರ್ಡ್‌ವಿಂಗ್ ಎಂಬ ಹೆಸರಿನ ಮುಂದೆ ಇನ್ನೂ ಏನೂ ಬರೆದಿಲ್ಲ. ಪಾಗಾರದ ಮೂಲೆಯಲ್ಲಿ ಒಂದೇ ಒಂದು ಈಶ್ವರಬಳ್ಳಿಯಿದೆ. ಹಕ್ಕಿರೆಕ್ಕೆಯ ಒಂದು ಸಂಸಾರಕ್ಕೆ ಅಷ್ಟು ಎಲೆ ಸಾಲದು.

ಆಡಳಿತ ಸಮಿತಿಯು ಮಾರ್ಚ್ ತಿಂಗಳಲ್ಲಿ ಕೂಡಿ ಹಾಸಿನ ವಿಷಯವನ್ನು ತೀರ್ಮಾನಿಸುವುದು. ಅದಕ್ಕೆ ಮುನ್ನ ತಮ್ಮ ಅಭಿಪ್ರಾಯವನ್ನು, ನನ್ನದಕ್ಕೆ ವಿರೋಧವಾದುದಾದರೂ, ಬರೆದು ತಿಳಿಸುವವರು ನೇರವಾಗಿ ಶಾಲೆಯ ಕಚೇರಿಗೆ ಕೊಡಬಹುದು. ಎಲ್ಲವನ್ನೂ ಸಮಿತಿಯ ಮುಂದೆ ಓದಲಾಗುವುದು. ನೆಲ ಉಳಿದರೆ 15 ಬಳ್ಳಿಗಳನ್ನು ನೆಡಬೇಕೆಂದಿದ್ದೇವೆ. ಹಿತ್ತಿಲಿನಲ್ಲಿ ಈಶ್ವರಬಳ್ಳಿಯುಳ್ಳವರು ಕಾಯಿ ಬಿರಿಯುವ ಮೊದಲು ತೆಳುವಾದ ಬಟ್ಟೆಯನ್ನು ಸಡಿಲವಾಗಿ ಕಟ್ಟಿಟ್ಟರೆ ಬೀಜಗಳು ಗಾಳಿಗೆ ಹಾರಿ ಹೋಗವು. ಒಣಗಿಸಿ ಕಾಗದದ ಪೊಟ್ಟಣದಲ್ಲಿ ಹಾಕಿ, ಮೇಲೆ ತಮ್ಮ ಹೆಸರನ್ನೂ ಓದಿದ ವರ್ಷವನ್ನೂ ಬರೆದು, ಮೇ ತಿಂಗಳ ಕೊನೆಯೊಳಗೆ ಕಳುಹಿಸಬೇಕು. ಮುಟ್ಟಿದ ಮೇಲೆ ಕೈಯನ್ನು ಸಾಬೂನಿನಿಂದ ತೊಳೆದುಕೊಳ್ಳಿರಿ. ಕಾಡಿನಿಂದ ಬೇರು ಸಹಿತ ಕಿತ್ತು ಯಾರೂ ತರಕೂಡದು. ಅಂಥ ಸಸಿಯನ್ನು ಶಾಲೆಯಲ್ಲಿ ಸ್ವೀಕರಿಸುವುದಿಲ್ಲ. ನರ್ಸರಿಯಿಂದ ಡಚ್‌ಮನ್ಸ್ ಪೈಪನ್ನು ಕೊಂಡು ತರುವುದೂ ಬೇಡ, ಅದರ ಹೂವು ಎಷ್ಟು ಚೆಲುವಾಗಿದ್ದರೂ. ನೆಡುವ ಕೆಲಸವು ಮಳೆ ಹಿಡಿದ ಬಳಿಕ, ಜೂನ್ ತಿಂಗಳ ಎರಡನೆಯ ಶನಿವಾರ ಬೆಳಿಗ್ಗೆ ಎಂಟು ಗಂಟೆಗೆ. ಬರುವವರು ಹಾರೆ ಅಥವಾ ಪಿಕ್ಕಾಸು ಇದ್ದರೆ ತರಬೇಕು. ಶಾಲೆಯಲ್ಲಿ ಎರಡೇ ಇವೆ.